ಹದಿಹರೆಯದ ಪಾಠಕ್ಕೊಂದು ಪೀಠಿಕೆ

ಎಂಟನೇ ತರಗತಿಗೆ ಹದಿಹರೆಯದ ಪಾಠ ಹಂಚಿಕೆಯಾದಾಗ ನನ್ನ ಚಿಂತೆಯೆಲ್ಲ ಪೀಠಿಕೆಯದ್ದೇ. ಪಾಠದ ಹೆಸರು ಹೇಳಿದರೆ ಸಾಕು, ಹಿಂದಿನ ಬೆಂಚಿನವರು ನಗುತ್ತಾರೆ, ಮುಂದಿನವರು ತಲೆ ತಗ್ಗಿಸುತ್ತಾರೆ. ಆಗ ನನ್ನ ಚೀಲದಲ್ಲಿ ಫಿಲಿಪ್ ಪುಲ್‌ಮನ್‌ರ ‘ದ ರೋಸ್ ಫೀಲ್ಡ್’ ಇತ್ತು. 2019ರ ‘ದ ಸೀಕ್ರೆಟ್ ಕಾಮನ್‌ವೆಲ್ತ್’ ಕಥೆಯನ್ನು ನಡುದಾರಿಯಲ್ಲೇ ಬಿಟ್ಟಿತ್ತು. ಈ ಮುಂದಿನ ಭಾಗ ಹೊರಬಂದದ್ದು 2025ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ನಾನು ಬಿ.ಎಸ್‌ಸಿ. ಮುಗಿಸಿ ಬಿ.ಇಡ್.ಗೆ ಬಂದಿದ್ದೆ.

1995ರ ‘ನಾರ್ದರ್ನ್ ಲೈಟ್ಸ್’ನಿಂದ ಶುರುವಾದ ಈ ಕಥೆಯಲ್ಲಿ, ನಾಯಕಿ ಲೈರಾಳ ಲೋಕದ ಪ್ರತಿಯೊಬ್ಬರ ಅಂತರಂಗವೂ ಒಂದು ಪ್ರಾಣಿಯಾಗಿ ಜೊತೆಯಲ್ಲೇ ಓಡಾಡುತ್ತದೆ. ಅದರ ಹೆಸರು ಡೀಮನ್ (ದೆವ್ವವಲ್ಲ). ಮಕ್ಕಳ ಡೀಮನ್ ಗಳಿಗೆಗೊಂದು ರೂಪ ತಾಳುತ್ತದೆ. ಹದಿಹರೆಯದಲ್ಲಿ ಒಂದೇ ರೂಪಕ್ಕೆ ನಿಲ್ಲುತ್ತದೆ.

ಇದನ್ನು ಹೇಳಿ, ‘ನಿಮ್ಮದು ಈಗ ಯಾವ ಪ್ರಾಣಿ? ಹೆಸರು ಹಾಕದೆ ಚೀಟಿಯಲ್ಲಿ ಬರೆಯಿರಿ’ ಎಂದೆ. ನಗು ನಿಂತಿತು. ಹದ್ದು, ಅಳಿಲು, ಬೆಳಿಗ್ಗೆ ಹಸು ಸಂಜೆ ಚಿರತೆ. ಒಂದು ಚೀಟಿಯಲ್ಲಿ ಮಾತ್ರ ಪ್ರಶ್ನೆ: ‘ಮಿಸ್, ಇಷ್ಟವಿಲ್ಲದ ಪ್ರಾಣಿಯಾಗಿ ನಿಂತುಬಿಟ್ಟರೆ?’

ಪಾಠ ಯೋಜನೆಯಲ್ಲಿ ಪೀಠಿಕೆಗೆ 5 ನಿಮಿಷ ಬರೆದಿದ್ದೆ, 14 ಆಗಿತ್ತು. ಹಿಂದೆ ಕುಳಿತ ಮಾರ್ಗದರ್ಶಕರು ಏನೋ ಗುರುತು ಹಾಕಿಕೊಂಡರು. ‘ಅದು ಬರೀ ಕಲ್ಪನೆ, ಬಿಡಿ’ ಎಂದು ಪಿಟ್ಯುಟರಿ ಗ್ರಂಥಿಯ ಚಿತ್ರಪಟ ತೂಗುಹಾಕಿದೆ. ತಲೆಗಳು ಮತ್ತೆ ತಗ್ಗಿದವು. ಸಮಯ ಪಾಲನೆಗೆ ಕಡಿಮೆ ಅಂಕ ಬಂತು, ಅದು ನ್ಯಾಯವೇ.

ರಾತ್ರಿ ಪುಸ್ತಕ ತೆರೆದಾಗ ಮುಜುಗರವಾಯಿತು. 2019ರ ಭಾಗದಲ್ಲಿ ಇಪ್ಪತ್ತರ ಲೈರಾ, ತರ್ಕಕ್ಕೆ ಸಿಗದ್ದನ್ನೆಲ್ಲ ತಳ್ಳಿಹಾಕುವ ಬರಹಗಳಿಗೆ ಮಾರುಹೋಗಿರುತ್ತಾಳೆ. ಅವಳ ಡೀಮನ್ ಪ್ಯಾನ್, ಅವಳು ಕಳೆದುಕೊಂಡ ಕಲ್ಪನೆಯನ್ನು ಹುಡುಕಲೆಂದು ಅವಳನ್ನೇ ಬಿಟ್ಟು ಹೊರಡುತ್ತಾನೆ. ಅದು ಸಿಕ್ಕೀತೇ ಎಂದು ಆರು ವರ್ಷ ಕಾದವಳು ನಾನು. ಹೊಸ ಭಾಗ ಎಲ್ಲ ಗಂಟುಗಳನ್ನೂ ಬಿಚ್ಚುವುದಿಲ್ಲ, ಆ ಅಸಮಾಧಾನ ನನಗಿದೆ. ಆದರೆ ಅಂದು ತರಗತಿಯಲ್ಲಿ ‘ಬರೀ ಕಲ್ಪನೆ’ ಎಂದವಳು ಲೈರಾ ಅಲ್ಲವಲ್ಲ!

ಮರುದಿನ ಆ ಚೀಟಿಯಿಂದಲೇ ಆರಂಭಿಸಿದೆ. ಮೊದಲ ಪುಸ್ತಕದಲ್ಲಿ ನಾವಿಕನೊಬ್ಬ ಲೈರಾಳಿಗೆ ಹೇಳುವಂತೆ, ಸಿಂಹ ಬೇಕೆಂದವರಿಗೆ ಸಾಕುನಾಯಿ ಸಿಗುವುದೂ ಉಂಟು. ಇಲ್ಲಿ ಹೋಲಿಕೆ ಕುಂಟುತ್ತದೆ ಎಂದೂ ಹೇಳಿದೆ: ದೇಹದ ಬೆಳವಣಿಗೆ ನಿಂತರೂ ಸ್ವಭಾವ ನಿಲ್ಲಬೇಕಿಲ್ಲ. ಆಮೇಲೆ ಎತ್ತರ, ಮೊಡವೆ, ಧ್ವನಿ, ಹೀಗೆ ನಮ್ಮನ್ನು ಕೇಳದೆ ಬರುವ ಬದಲಾವಣೆಗಳ ಕಡೆಗೆ ಹೊರಳಿದೆವು. ಒಬ್ಬ ಹುಡುಗ ಎದ್ದು, ಒಡೆದ ಧ್ವನಿಯಲ್ಲೇ ಕೇಳಿದ: ‘ಇದು ಯಾವಾಗ ಸರಿಹೋಗುತ್ತೆ ಮಿಸ್?’

ಯಾರೂ ನಗಲಿಲ್ಲ. ಧ್ವನಿಪೆಟ್ಟಿಗೆಯ ಚಿತ್ರ ಬರೆಯಲು ಸೀಮೆಸುಣ್ಣ ಎತ್ತಿಕೊಂಡೆ.