ಗೆದ್ದವರಿಗೆ ಏನು ಕೊಡಬೇಕು?

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಆನ್‌ಲೈನ್ ರೋಲ್‌ಪ್ಲೇ ಗೇಮ್ ಆಡಲು ಬಿಡುವು ಸಿಗುವುದು ಶನಿವಾರ, ಭಾನುವಾರ ಮಾತ್ರ. ಪಿವಿಪಿಗೆ (ಆಟಗಾರರ ನಡುವಿನ ಕಾಳಗಕ್ಕೆ) ಇಳಿದರೆ ದಿನವಿಡೀ ಆಡುವವರ ಗೇರ್ (ಆಯುಧ, ಕವಚ) ಮುಂದೆ ಅರೆಗಳಿಗೆಯೂ ನಿಲ್ಲಲಾಗುತ್ತಿಲ್ಲ. ಇದು ನ್ಯಾಯವೇ? – ಓದುಗರು, ಹಾಸನ

ಉತ್ತರ: ನ್ಯಾಯವಲ್ಲ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟ 2005ರಲ್ಲಿ ಪಿವಿಪಿ ಗಳಿಕೆಯ ಹಾನರ್ ಪದ್ಧತಿ ತಂದಾಗ 14 ದರ್ಜೆಗಳಿದ್ದವು. ಪ್ರತಿ ವಾರ ಅದೇ ಸರ್ವರಿನ, ಅದೇ ಪಕ್ಷದ ಉಳಿದವರ ಗಳಿಕೆಗೆ ಹೋಲಿಸಿ ದರ್ಜೆ ಏರಿಸುತ್ತಿದ್ದರು. ಆಡುವುದು ಬಿಟ್ಟರೆ ಅದು ಇಳಿಯುತ್ತಿತ್ತು. ಹಾಗಾಗಿ ಚೆನ್ನಾಗಿ ಆಡಿದವರಿಗಿಂತ ಹೆಚ್ಚು ಹೊತ್ತು ಆಡಿದವರೇ ಮೇಲೇರಿದರು. ನಿದ್ದೆಗೆಟ್ಟು ಆಡಿದವರು, ಒಂದೇ ಅಕೌಂಟನ್ನು ಪಾಳಿಯಲ್ಲಿ ಆಡಿದವರೂ ಇದ್ದರು. ತುದಿ ಮುಟ್ಟಿದವರಿಗೆ ಆ ಕಾಲದ ಅತಿ ಬಲವಾದ ಆಯುಧಗಳು ಸಿಗುತ್ತಿದ್ದವು. ಗೆದ್ದವರಿಗೇ ಮತ್ತಷ್ಟು ಬಲ, ಆ ಬಲದಿಂದ ಮತ್ತೆ ಗೆಲುವು. 2006ರ ಡಿಸೆಂಬರಿನಲ್ಲಿ ದರ್ಜೆಯೋಟ ನಿಂತು, ಹಾನರ್ ಕೂಡಿಟ್ಟು ಗೇರ್ ಕೊಳ್ಳುವ ಕ್ರಮ ಬಂತು. ಅಂದಿನಿಂದ ಕಡಿಮೆ ಹೊತ್ತು ಆಡುವವರೂ ತಡವಾಗಿಯಾದರೂ ಗುರಿ ಮುಟ್ಟುವಂತಾಯಿತು.

ಪ್ರಶ್ನೆ: ತಿಂಗಳುಗಟ್ಟಲೆ ರೇಡ್ (ತಂಡ ಕಟ್ಟಿ ಆಟದ ದೈತ್ಯರನ್ನು ಸೋಲಿಸುವುದು) ಮಾಡಿ ಕತ್ತಿ ಗಳಿಸಿದ್ದೇನೆ. ಪಿವಿಪಿಯಲ್ಲಿ ಎಲ್ಲರನ್ನೂ ಸಮ ಮಾಡಿದರೆ ನನ್ನ ಶ್ರಮಕ್ಕೆ ಏನು ಬೆಲೆ? – ಓದುಗರು, ಹುಬ್ಬಳ್ಳಿ

ಉತ್ತರ: ಪಾತ್ರ ಬೆಳೆಯುತ್ತ ಹೋಗುವುದೇ ಇಂಥ ಆಟಗಳ ಜೀವ, ನಿಮ್ಮ ಮಾತಿಗೆ ತೂಕವಿದೆ. 2016ರ ಲೀಜನ್ ವಿಸ್ತರಣೆಯಲ್ಲಿ ವಾರ್‌ಕ್ರಾಫ್ಟ್ ಅರೀನಾ (ಸಣ್ಣ ತಂಡಗಳ ಪಿವಿಪಿ) ಮತ್ತು ಬ್ಯಾಟಲ್‌ಗ್ರೌಂಡ್‌ (ದೊಡ್ಡ ತಂಡಗಳ ಪಿವಿಪಿ) ಗಳೊಳಗೆ ಗೇರ್‌ನ ಅಂತರವನ್ನು ಬಹುಪಾಲು ಅಳಿಸಿತು. ಗಳಿಸಿದ್ದು ವ್ಯರ್ಥವಾಯಿತೆಂದು ಹಲವರು ದೂರಿದರು, 2018ರಲ್ಲಿ ಆ ಕ್ರಮ ಹೋಯಿತು. ಆದರೆ 2012ರಲ್ಲಿ ಬಂದ ಗಿಲ್ಡ್ ವಾರ್ಸ್ 2 ತನ್ನ ಪಿವಿಪಿ ಪಂದ್ಯಗಳಲ್ಲಿ ಎಲ್ಲರಿಗೂ ಗರಿಷ್ಠ ಲೆವೆಲ್, ಸಮಾನ ಬಲ ಕೊಡುವ ನಿಯಮವನ್ನು ಉಳಿಸಿಕೊಂಡಿದೆ. ನನಗೆ ಸರಿ ಕಾಣುವುದು ಇದೇ. ದಸರಾ ಕುಸ್ತಿಯಲ್ಲಿ ಗೆದ್ದ ಪೈಲ್ವಾನರು ಗದೆ ಹೊತ್ತು ಮೆರೆಯುತ್ತಾರೆ. ಮುಂದಿನ ಜೋಡಿಗೆ ಅದನ್ನು ಹಿಡಿದು ಅಖಾಡಕ್ಕೆ ಇಳಿಯುವಂತಿಲ್ಲ. ನಿಮ್ಮ ಕತ್ತಿ ರೇಡ್‌ನಲ್ಲಿ ಮಿಂಚಲಿ. ಪಿವಿಪಿಯಲ್ಲಿ ಗೆದ್ದವರಿಗೆ ಬಿರುದು, ಅಪರೂಪದ ವೇಷ, ವಾಹನ ಸಿಗಲಿ. ಎದುರಾಳಿಯನ್ನು ಮೊದಲೇ ಸೋಲಿಸಿಡುವ ಬಲ ಮಾತ್ರ ಬೇಡ.

ಪ್ರಶ್ನೆ: ಸೋತವರಿಗೂ ಪಾಯಿಂಟ್ ಕೊಡುವುದೇಕೆ? – ಓದುಗರು, ಮಂಗಳೂರು

ಉತ್ತರ: ಏಕೆಂದರೆ ಪ್ರತಿ ಪಂದ್ಯದಲ್ಲೂ ಒಂದು ಪಕ್ಷ ಸೋಲಲೇಬೇಕು. ಬರಿಗೈಲಿ ಹೋದವರು ಮತ್ತೆ ಬರುವುದಿಲ್ಲ. ಅವರು ಬಿಟ್ಟುಹೋದರೆ ಅವರಿಗಿಂತ ಒಂದು ಮೆಟ್ಟಿಲು ಮೇಲಿದ್ದವರು ಸೋಲತೊಡಗುತ್ತಾರೆ, ಕೊನೆಗೆ ಆಡಲು ಜನವೇ ಇರುವುದಿಲ್ಲ. ಆದರೆ ಅಳತೆ ತಪ್ಪಬಾರದು. 2007ರಲ್ಲಿ ವಾರ್‌ಕ್ರಾಫ್ಟ್‌ನಲ್ಲಿ ಅರೀನಾ ಶುರುವಾದಾಗ ವಾರಕ್ಕೆ 10 ಪಂದ್ಯ ಆಡಿದರೆ ರೇಟಿಂಗ್‌ಗೆ ತಕ್ಕಷ್ಟು ಪಾಯಿಂಟ್ ಸಿಗುತ್ತಿತ್ತು. ಕೆಲವರು ಬೇಕೆಂದೇ ಹತ್ತೂ ಸೋತು ಪಾಯಿಂಟ್ ಪಡೆದರು. ಆಮೇಲೆ ಉತ್ತಮ ಆಯುಧಗಳಿಗೆ ಇಂತಿಷ್ಟು ರೇಟಿಂಗ್ ಬೇಕೆಂಬ ಷರತ್ತು ಬಂತು. ಅದರಿಂದ ಬಲ ಮತ್ತೆ ಮೇಲಿನವರ ಕೈಗೇ ಸೇರಿತು. ಸೆಣಸಲು ಬೇಕಾದ ಗೇರ್ ಪ್ರಾಮಾಣಿಕವಾಗಿ ಆಡಿದ ಎಲ್ಲರಿಗೂ ಸಿಗಬೇಕು, ಸಮಬಲದವರನ್ನೇ ಎದುರುಬದುರು ನಿಲ್ಲಿಸಬೇಕು. ಹಾಗಾದಾಗ ಮಾತ್ರ ಸೋತವರು ತಮ್ಮ ಆಟ ತಿದ್ದಿಕೊಳ್ಳಲು ಮರಳಿ ಬರುತ್ತಾರೆ.