ಕಾರ್ನಿಯ ರೋಗ ಮತ್ತು ಉಂಗುರಗಳ ಪರೀಕ್ಷೆ

ಕಣ್ಣಿನ ಮುಂಭಾಗದಲ್ಲಿ ಕೈಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪೊರೆಗೆ ಕಾರ್ನಿಯ ಎಂದು ಹೆಸರು. ಇದರ ನಡುಭಾಗದ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಆದರೂ ಬೆಳಕನ್ನು ಬಾಗಿಸುವ ಕಣ್ಣಿನ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇದರದೇ. ಕೆಲವರಲ್ಲಿ ಈ ಪೊರೆ ತೆಳುವಾಗುತ್ತ ಹೋಗಿ ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಇದೇ ಕೆರಟೋಕೋನಸ್. ಸಾಮಾನ್ಯವಾಗಿ ಹದಿಹರೆಯದಲ್ಲಿ ತಲೆದೋರುವ ರೋಗವಾದ್ದರಿಂದ ಅಧ್ಯಾಪಕರಿಗೆ ಇದರ ಪರಿಚಯ ಅವಶ್ಯ. ಕನ್ನಡಕದ ನಂಬರು ಪದೇ ಪದೇ ಬದಲಾಗುತ್ತಿರುವ, ಕನ್ನಡಕವಿದ್ದೂ ಕರಿಹಲಗೆಯ ಬರಹ ಕಾಣದ, ಸದಾ ಕಣ್ಣುಜ್ಜಿಕೊಳ್ಳುವ ವಿದ್ಯಾರ್ಥಿಯನ್ನು ದಡ್ಡನೆಂದು ಬಗೆಯುವ ಮೊದಲು ನೇತ್ರವೈದ್ಯರಲ್ಲಿಗೆ ಕಳುಹಿಸುವುದು ಯುಕ್ತ.

ತಡಮಾಡಿದರೆ ನಷ್ಟ ದೊಡ್ಡದು. ರೈಬೋಫ್ಲೇವಿನ್ ಹನಿ ಹಾಕಿ ನೇರಳಾತೀತ ಕಿರಣ ಹಾಯಿಸುವ ಚಿಕಿತ್ಸೆಯಿಂದ ಪೊರೆ ಗಟ್ಟಿಗೊಂಡು, ಬಹುಮಂದಿಯಲ್ಲಿ ರೋಗ ಇದ್ದಲ್ಲಿಯೇ ನಿಲ್ಲುತ್ತದೆ. ಆದರೆ ಕಳೆದುಹೋದ ದೃಷ್ಟಿ ಪೂರ್ತಿಯಾಗಿ ಮರಳುವುದಿಲ್ಲ. ತೀರ ಮುಂದುವರಿದವರಿಗೆ ಉಳಿಯುವುದು ದಾನಿಗಳ ಕಾರ್ನಿಯವನ್ನು ಕಸಿಮಾಡುವ ಶಸ್ತ್ರಕ್ರಿಯೆ.

ರೋಗವನ್ನು ಗುರುತಿಸುವ ತತ್ತ್ವ ಹಳೆಯದು. 1880ರ ಸುಮಾರಿಗೆ ಪೋರ್ಚುಗಲ್ಲಿನ ನೇತ್ರವೈದ್ಯ ಆಂತೋನಿಯೊ ಪ್ಲಾಸಿಡೊ, ಕಪ್ಪು ಬಿಳುಪು ಉಂಗುರಗಳ ತಟ್ಟೆಯೊಂದನ್ನು ರೋಗಿಯ ಕಣ್ಣೆದುರು ಹಿಡಿದು ಕಾರ್ನಿಯದಲ್ಲಿ ಮೂಡುವ ಪ್ರತಿಬಿಂಬವನ್ನು ಪರೀಕ್ಷಿಸಿದನು. ಪೊರೆ ಉಬ್ಬಿದ ಕಡೆ ಉಂಗುರಗಳು ಒತ್ತಾಗಿ, ಸೊಟ್ಟಗೆ ಕಾಣುತ್ತವೆ. (ಉಜ್ಜಿದ ತಂಬಿಗೆಯ ಮೈಯಲ್ಲಿ ಕಿಟಕಿಯ ಸರಳುಗಳು ಡೊಂಕಾಗಿ ಕಾಣುವುದನ್ನು ನೆನೆದರೆ ಸಾಕು.) ದೊಡ್ಡ ಆಸ್ಪತ್ರೆಗಳ ಎಷ್ಟೋ ಯಂತ್ರಗಳು ಮಾಡುವುದೂ ಮೂಲತಃ ಇದನ್ನೇ, ಆದರೆ ಅವುಗಳ ಬೆಲೆ ಲಕ್ಷಗಳಲ್ಲಿದೆ, ಹಳ್ಳಿಗೆ ಹೊತ್ತೊಯ್ಯುವಂತೆಯೂ ಇಲ್ಲ.

ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸಂಸ್ಥೆಯೂ ಶಂಕರ ಕಣ್ಣಿನ ಆಸ್ಪತ್ರೆಯೂ ಕೂಡಿ ರೂಪಿಸಿದ 'ಸ್ಮಾರ್ಟ್‌ಕೆಸಿ' ಎಂಬ ಸಾಧನದ ವಿವರ 2021ರಲ್ಲಿ ಪ್ರಕಟವಾಯಿತು. ತ್ರಿ-ಆಯಾಮ ಮುದ್ರಣದಿಂದ ತಯಾರಿಸಿದ ಉಂಗುರಗಳ ಬಟ್ಟಲು, ಒಂದು ಎಲ್ಇಡಿ ದೀಪದ ಪಟ್ಟಿ, ಒಂದು ಸ್ಮಾರ್ಟ್‌ಫೋನ್: ಇಷ್ಟೇ ಸಾಮಗ್ರಿ. ಉಂಗುರಗಳ ಚಿತ್ರವನ್ನು ತೆಗೆಯುವುದು ಫೋನಿನ ಕೆಲಸ, ಆ ಚಿತ್ರದಿಂದ ಕಾರ್ನಿಯದ ವಕ್ರತೆಯನ್ನು ಗಣಿಸುವುದು ತಂತ್ರಾಂಶದ ಕೆಲಸ. 101 ಕಣ್ಣುಗಳಲ್ಲಿ ಆಸ್ಪತ್ರೆಯ ಯಂತ್ರದೊಡನೆ ಹೋಲಿಸಿದಾಗ, ರೋಗವಿದ್ದ ಕಣ್ಣುಗಳಲ್ಲಿ ಶೇಕಡ 87.8ರಷ್ಟನ್ನು ಇದು ಹಿಡಿಯಿತು. ರೋಗವಿಲ್ಲದವುಗಳಲ್ಲಿ ಶೇಕಡ 80.4ರಷ್ಟನ್ನು ನಿರ್ದೋಷವೆಂದು ಸರಿಯಾಗಿ ಹೇಳಿತು.

ಈ ಎರಡನೆಯ ಅಂಕಿಯ ಬಳಿ ನಾವು ಸ್ವಲ್ಪ ನಿಲ್ಲಬೇಕು. ಸಾವಿರ ಮಕ್ಕಳಲ್ಲಿ ಐವರಿಗೆ ರೋಗವಿದೆಯೆಂದು ಲೆಕ್ಕಕ್ಕಾಗಿ ಭಾವಿಸೋಣ. ಉಳಿದ 995 ಮಂದಿಯಲ್ಲಿ ಸುಮಾರು 195 ಮಂದಿಗೆ ಫೋನು ಸುಮ್ಮನೆ ಶಂಕೆ ಸೂಚಿಸೀತು. ಆದ್ದರಿಂದ ಇದು ಸೋಸುವ ಜರಡಿಯೇ ಹೊರತು ರೋಗನಿರ್ಣಯವಲ್ಲ. ಶಂಕಿತರೆಲ್ಲರೂ ದೊಡ್ಡ ಯಂತ್ರವಿರುವ ಊರಿಗೆ ಹೋಗಿಬರಲೇಬೇಕು. ಶಿಬಿರಕ್ಕೆ ಧನಸಹಾಯ ನೀಡಬಯಸುವ ಮಹನೀಯರು ಆ ಬಸ್ಸಿನ ದರವನ್ನೂ, ಜೊತೆಗೆ ಹೋಗುವ ತಂದೆತಾಯಿಯರ ಒಂದು ದಿನದ ಕೂಲಿಯನ್ನೂ ಉಪಕರಣದ ಬೆಲೆಯೊಡನೆ ಸೇರಿಸಿಯೇ ಅಂದಾಜು ಹಾಕತಕ್ಕದ್ದು.