ಖಾಲಿ ಮಂಚದ ಬಾಡಿಗೆ

ಗಾಜಿನ ಆಚೆ ಕೂತಿದ್ದ ಹೆಂಗಸು ನನ್ನ ನೂರು ಡಾಲರ್ ನೋಟನ್ನು ಯಂತ್ರಕ್ಕೆ ಹಾಕಲಿಲ್ಲ, ಬೆಳಕಿಗೂ ಹಿಡಿಯಲಿಲ್ಲ. ಪೆನ್ಸಿಲ್ಲಿನ ತುದಿಯಿಂದ ಅದರ ಮೂಲೆಯನ್ನು ಮುಟ್ಟಿ ತೋರಿಸಿದಳು. ಅಲ್ಲಿ ನೀಲಿ ಬಾಲ್‌ಪೆನ್ನಿನಲ್ಲಿ ಸಣ್ಣಗೆ 6 ಎಂದು ಬರೆದಿತ್ತು. ಊರಲ್ಲಿ ಡಾಲರ್ ಕೊಟ್ಟವನು ಆರು ನೋಟು ಎಣಿಸಿ, ಮೇಲಿನದರ ಮೇಲೆ ಹಾಕಿದ ಗುರುತು. ನನ್ನ ಕಣ್ಣೆದುರೇ ಬರೆದಿದ್ದ. ಮೂವತ್ತೆರಡು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವಳಿಗೆ ಅದು ಕಣ್ಣಿಗೇ ಬೀಳಲಿಲ್ಲ. ಬೀಳುವುದಾದರೂ ಹೇಗೆ? ನೋಟಿನ ಮೇಲೆ ಬರೆಯಬೇಡಿ, ಪಿನ್ನು ಹೊಡೆಯಬೇಡಿ ಎಂದು ರಿಸರ್ವ್ ಬ್ಯಾಂಕು ಸುತ್ತೋಲೆಯ ಮೇಲೆ ಸುತ್ತೋಲೆ ಕಳಿಸಿದರೂ ನಮ್ಮ ಕೈ ಕೇಳುತ್ತಿರಲಿಲ್ಲ.

ಎರಡನೆಯ ನೋಟು ಕೊಟ್ಟೆ. ಅದರ ಮೇಲೆ ಗೀಚು ಇರಲಿಲ್ಲ. ನಡುವಿನ ನೀಲಿ ಪಟ್ಟಿಯೂ ಇರಲಿಲ್ಲ, 2013ಕ್ಕೂ ಹಿಂದಿನ ನಮೂನೆ. "ನ್ಯೆತ್" ಎಂದು ಎರಡನ್ನೂ ಜೋಡಿಸಿ, ಪಾಸ್‌ಪೋರ್ಟಿನ ಮೇಲಿಟ್ಟು, ಮೆತ್ತಗೆ ಹಿಂದಕ್ಕೆ ತಳ್ಳಿದಳು. ಹರಿದ ನೋಟು ತಂದ ಎಷ್ಟೋ ರೈತರಿಗೆ ನಾನು ಹೀಗೆಯೇ ತಳ್ಳಿದ್ದೇನೆ, ಇಷ್ಟು ಮೆತ್ತಗೂ ಅಲ್ಲ.

ಅದು 2024ರ ಸೆಪ್ಟೆಂಬರಿನ ಒಂದು ಶನಿವಾರ, ಮಧ್ಯಾಹ್ನ. ಊರು ತ್ವೇರ್, ಮಾಸ್ಕೋದಿಂದ ವಾಯವ್ಯಕ್ಕೆ 167 ಕಿಲೋಮೀಟರ್. ಬ್ಯಾಂಕು ಬಾಗಿಲು ಹಾಕುವ ಹೊತ್ತು. ಪರ್ಸಿನಲ್ಲಿ 1,200 ರೂಬಲ್.

ಒಂಟಿಯಾಗಿ ರಷ್ಯಾಕ್ಕೆ ಹೋಗುತ್ತೇನೆಂದಾಗ ಮಾಸ್ಕೋ, ಪೀಟರ್ಸ್‌ಬರ್ಗ್ ಬಿಟ್ಟು ತ್ವೇರ್ ಯಾಕೆ ಎಂದು ಎಲ್ಲರೂ ಕೇಳಿದರು. ನಾನು ಬೀದರಿನವಳು. ಮಹಮೂದ್ ಗವಾನನ ಮದರಸಾದ ಗೋಡೆಯ ನೀಲಿ ಹೆಂಚು ನೋಡುತ್ತಾ ಶಾಲೆಗೆ ನಡೆದವಳು. ಆ ಕಟ್ಟಡ ಮುಗಿದದ್ದು 1472ರಲ್ಲಿ. ಸುಮಾರು ಅದೇ ಕಾಲಕ್ಕೆ ನಮ್ಮೂರಿಗೆ ಒಂದು ಕುದುರೆ ಹೊಡೆದುಕೊಂಡು ಬಂದಿದ್ದ ವ್ಯಾಪಾರಿ ಅಫನಾಸಿ ನಿಕಿತಿನ್, ತ್ವೇರಿನವನು. ಅವನ ಊರು ನೋಡಬೇಕೆಂಬ ಆಸೆ ನಿವೃತ್ತಿಯ ಹಣ ಕೈಗೆ ಬರುವತನಕ ಹಾಗೇ ಉಳಿದಿತ್ತು.

1,200 ರೂಬಲ್‌ಗೆ ಬಂದು ನಿಂತದ್ದು ಹೇಗೆಂದು ಹೇಳಿಬಿಡುತ್ತೇನೆ, ಲೆಕ್ಕ ಮುಚ್ಚಿಡುವ ಜಾತಿ ನನ್ನದಲ್ಲ. ವೀಸಾ, ಮಾಸ್ಟರ್‌ಕಾರ್ಡ್ 2022ರ ಮಾರ್ಚಿನಲ್ಲೇ ಅಲ್ಲಿ ವ್ಯವಹಾರ ನಿಲ್ಲಿಸಿವೆ. ನಮ್ಮ ಕಾರ್ಡುಗಳು ಅಲ್ಲಿ ಪ್ಲಾಸ್ಟಿಕ್ಕಿನ ಚೂರು, ಅಷ್ಟೇ. ಹಾಗಾಗಿ ನಗದು. ಮಾಸ್ಕೋ ವಿಮಾನ ನಿಲ್ದಾಣದಲ್ಲಿ ನೂರು ಡಾಲರಿಗೆ 8,300 ರೂಬಲ್ ಸಿಕ್ಕಿತು. ಊರೊಳಗಿನ ಬ್ಯಾಂಕಿನಲ್ಲಾಗಿದ್ದರೆ ಇನ್ನೂ ಏಳೆಂಟು ನೂರು ಜಾಸ್ತಿ ಬರುತ್ತಿತ್ತು, ಅದು ಗೊತ್ತಿದ್ದೇ ಒಂದೇ ನೋಟು ಮುರಿಸಿದೆ. ಊರೊಳಕ್ಕೆ ರೈಲು 500, ರಾತ್ರಿಯ ಲಾಡ್ಜು 2,300, ಊಟ 300, ತ್ವೇರಿಗೆ ಹೋಗಿಬರುವ ಟಿಕೆಟ್ 1,200. ಉಳಿದದ್ದು 4,000.

ಇನ್ನು ಜಾಣತನದ ಭಾಗ. ಹಣವನ್ನೆಲ್ಲ ಒಂದೇ ಕಡೆ ಇಡಬೇಡಿ ಎಂದು ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ. ಅದರಂತೆ ಮೂರು ನೋಟು ಮಾಸ್ಕೋ ಲಾಡ್ಜಿನ ಲಾಕರಿನಲ್ಲಿಟ್ಟೆ, ಭಾನುವಾರ ರಾತ್ರಿ ಅಲ್ಲಿಗೇ ಮರಳುವವಳು. ಎರಡು ನೋಟು ತ್ವೇರಿಗೆ ತಂದೆ. ಅವೇ ಎರಡು. ಜಾಗ ಹಂಚಿದ್ದೆ, ನೋಟಿನ ಗುಣ ನೋಡಿ ಹಂಚಿರಲಿಲ್ಲ. ಮ್ಯೂಚುವಲ್ ಫಂಡಿನವರು ಐದು ಫಂಡಿನಲ್ಲಿ ದುಡ್ಡು ಹಾಕಿ, ಐದರೊಳಗೂ ಅದೇ ಹತ್ತು ಕಂಪನಿಗಳ ಷೇರು ಇರುವುದನ್ನು ಆಮೇಲೆ ನೋಡುತ್ತಾರಲ್ಲ, ಆ ತರಹದ ಹಂಚಿಕೆ. ಇರುವ ದುಡ್ಡು ಬೇರೆ, ನಡೆಯುವ ದುಡ್ಡು ಬೇರೆ. ಇನ್ನೂರು ಡಾಲರ್, ಅಂದರೆ ಹದಿನಾರು ಸಾವಿರಕ್ಕೂ ಹೆಚ್ಚು ರೂಪಾಯಿ ಕೈಯಲ್ಲಿ ಹಿಡಿದು ಚಹಾ ಕುಡಿಯಲೋ ಬೇಡವೋ ಎಂದು ಯೋಚಿಸುತ್ತಾ ನಿಂತಿದ್ದೆ.

ಬ್ಯಾಂಕಿಗೆ ಬರುವ ಮುಂಚೆಯೇ ಹೋಟೆಲಿಗೆ 2,800 ಕಟ್ಟಿ ಆಗಿತ್ತು. ಕೋಣೆಯಲ್ಲಿ ಎರಡು ಮಂಚ. ಒಬ್ಬಳೇ ಎಂದು ಬೆರಳು ತೋರಿಸಿದೆ. ಸ್ವಾಗತಕಾರಿಣಿ ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದಳು, 2,800. ಇಬ್ಬರಾದರೆ ಎಂದು ಎರಡು ಬೆರಳೆತ್ತಿದೆ. ಅವಳು ಮತ್ತೇನೂ ಒತ್ತದೆ ಅದೇ ಅಂಕಿಯನ್ನು ಇನ್ನೊಮ್ಮೆ ತೋರಿಸಿದಳು.

ಒಂಟಿ ಪ್ರವಾಸ ಅಗ್ಗ ಎಂಬ ನಂಬಿಕೆ ನಮ್ಮಲ್ಲಿದೆ. ಊಟ, ಟಿಕೆಟ್ ಒಬ್ಬರದೇ, ನಿಜ. ಆದರೆ ಕೋಣೆ, ಟ್ಯಾಕ್ಸಿ, ಕಾಯಿಸುವ ನೀರು, ಬ್ಯಾಗು ಕಾಯುವ ಕೆಲಸ, ಇವು ಯಾವುವೂ ಅರ್ಧ ಆಗುವುದಿಲ್ಲ. ಇನ್ನೊಬ್ಬಳಿದ್ದರೆ ಅವಳ ಪರ್ಸಿನಲ್ಲಿ ಬೇರೆ ಕಡೆ ಕೊಂಡ ನೋಟು ಇರುತ್ತಿತ್ತು. ಅದಕ್ಕೇ ಒಂಟಿ ಪ್ರವಾಸಕ್ಕೆ ತುರ್ತು ಹಣ ತಲೆಗಿಷ್ಟು ಎಂದು ತೆಗೆದಿಟ್ಟರೆ ಸಾಲದು, ಒಬ್ಬರಿದ್ದರೂ ಇಬ್ಬರದನ್ನು ತೆಗೆದಿಡಬೇಕು.

ಬ್ಯಾಂಕಿನ ಮೆಟ್ಟಿಲ ಮೇಲೆ ಕೂತು ತಂಗಿಯ ಮಗನಿಗೆ ವಿಷಯ ತಿಳಿಸಿದೆ. "ದೊಡ್ಡವ್ವಾ, ಫೋನ್‌ಪೇ ಮಾಡ್ಲೇನು?" ಎಂದು ಬರೆದ. ಹುಡುಗನ ತಪ್ಪಲ್ಲ, ಕಲಬುರಗಿಯಲ್ಲಿ ಕೊತ್ತಂಬರಿ ಕಟ್ಟಿಗೂ ಫೋನು ಹಿಡಿಯುವವರು ನಾವು. ತ್ವೇರಿನವರೂ ಹಾಗೆಯೇ, ಅವರದೇ ಮೀರ್ ಕಾರ್ಡನ್ನು ಟಕ್ಕೆಂದು ತಾಗಿಸಿ ಹೋಗುತ್ತಾರೆ. ನಾಣ್ಯ ಎಣಿಸುತ್ತಾ ಸಾಲು ನಿಲ್ಲಿಸಿದವಳು ನಾನೊಬ್ಬಳೇ.

ಬಸ್ಸಿನ ಆಸೆ ಬಿಟ್ಟು ನಡೆದೆ. ನಡೆಯಲು ಹೇಳಿ ಮಾಡಿಸಿದ ಊರು. 1763ರಲ್ಲಿ ಬೆಂಕಿ ಬಿದ್ದು ಊರಿಗೆ ಊರೇ ಸುಟ್ಟಾಗ ರಾಣಿ ಕ್ಯಾಥರೀನ್ ಅದನ್ನು ಹೊಸ ನಕ್ಷೆಯಂತೆ ಕಟ್ಟಿಸಿದಳು. ಒಂದು ಚೌಕದಿಂದ ಮೂರು ಬೀದಿಗಳು ತ್ರಿಶೂಲದ ಹಾಗೆ ಹೊರಡುತ್ತವೆ. ಪೀಟರ್ಸ್‌ಬರ್ಗಿಗೂ ಮಾಸ್ಕೋಗೂ ಓಡಾಡುವಾಗ ತಂಗಲೆಂದು ಅವಳಿಗೆ ಕಟ್ಟಿದ ಅರಮನೆ ಈಗ ಚಿತ್ರಶಾಲೆ. ಟಿಕೆಟ್ಟಿನ ಬೋರ್ಡು ಓದಿ, ಪರ್ಸು ನೆನೆದು, ಹೊರಗಿನಿಂದಲೇ ನೋಡಿದೆ. 1931ರಿಂದ 1990ರವರೆಗೆ ಈ ಊರಿನ ಹೆಸರು ಕಲೀನಿನ್. 1941ರ ಅಕ್ಟೋಬರಿನಿಂದ ಡಿಸೆಂಬರ್ 16ರವರೆಗೆ ಜರ್ಮನರ ಕೈಯಲ್ಲಿತ್ತು. ತ್ರ್ಯೋಖ್‌ಸ್ವ್ಯಾತ್‌ಸ್ಕಾಯಾ ಎಂಬ, ನನ್ನ ನಾಲಿಗೆ ಇವತ್ತಿಗೂ ಸರಿಯಾಗಿ ಹೊರಳದ ಬೀದಿಯಲ್ಲಿ ವಾಹನಗಳಿಲ್ಲ. ಅಜ್ಜಿಯರು ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತಿದ್ದರು. ನಮ್ಮ ಕಡೆ ಎಣ್ಣೆಗೆ ಹೋಗುವ ಬೀಜ.

ರೂಬಲ್ಲಿನ ಬಗ್ಗೆ ಒಂದು ಎಚ್ಚರಿಕೆ. ಆಗ ಒಂದು ರೂಬಲ್ ಅಂದರೆ ತೊಂಬತ್ತು ಪೈಸೆಯ ಆಸುಪಾಸು, ಬೆಲೆ ಓದಿದರೆ ರೂಪಾಯಿಯೇ ಅನ್ನಿಸುತ್ತಿತ್ತು. ಯೂರೋ ಆಗಿದ್ದರೆ ತೊಂಬತ್ತರಿಂದ ಗುಣಿಸುವಾಗ ಎದೆ ಝಲ್ ಎಂದು ಕೈ ತಾನೇ ಹಿಂದೆ ಸರಿಯುತ್ತಿತ್ತು. ಇಲ್ಲಿ ಆ ತಡೆ ಇರಲಿಲ್ಲ. ಚಹಾ, ಜೊತೆಗೆ ಎಲೆಕೋಸಿನ ಪಿರೋಷ್ಕಿ, 120. ಆಮೇಲೆ ಯೋಚಿಸಿದರೆ ಬೀದರ್ ಬಸ್ ನಿಲ್ದಾಣದ ಆರು ಚಹಾ, ಎರಡು ಪ್ಲೇಟ್ ಸುಶೀಲಾದ ದುಡ್ಡು.

ಊಟ ಸ್ತಲೋವಯಾದಲ್ಲಿ. ಸೋವಿಯತ್ ಕಾಲದಿಂದ ಬಂದ ಕ್ಯಾಂಟೀನು. ಟ್ರೇ ಹಿಡಿದು ಸಾಲಿನಲ್ಲಿ ಸರಿಯಬೇಕು, ಬಟ್ಟಲು ಬಟ್ಟಲಿಗೂ ಬೇರೆ ಬೆಲೆ, ಬ್ರೆಡ್ಡಿಗೆ ತುಂಡಿನ ಲೆಕ್ಕ. ಬೋರ್ಶ್‌ನಲ್ಲಿ ಮಾಂಸ ತೇಲುತ್ತಿತ್ತು, ಬಿಟ್ಟೆ. ಗ್ರೇಚ್ಕಾ ಎಂಬ ಕಂದು ಕಾಳಿನ ಅನ್ನ, ಬೀಟ್‌ರೂಟಿನ ವಿನೆಗ್ರೆತ್, ಎರಡು ತುಂಡು ಕರಿ ಬ್ರೆಡ್, ಹಣ್ಣು ಕುದಿಸಿದ ಕಂಪೋತ್. ನಾನು ಇನ್ನೂ ಒಂದು ತುಂಡು ಬ್ರೆಡ್ ಎತ್ತಿ, ಬೆಲೆ ನೋಡಿ, ವಾಪಸಿಟ್ಟೆ. ಗಲ್ಲಾದ ಹೆಂಗಸು ನೋಡಿದಳು. 310 ಎಂದಳು. ಸಾವಿರದ ನೋಟು ಕೊಟ್ಟಾಗ ನಿಟ್ಟುಸಿರು ಬಿಟ್ಟು ಚಿಲ್ಲರೆ ಹುಡುಕಿದಳು. ಟ್ರೇ ಎತ್ತಿಕೊಳ್ಳುವಾಗ ನೋಡಿದರೆ ಬ್ರೆಡ್ಡು ಮೂರು ತುಂಡು.

ನಿಕಿತಿನ್ನನೂ ಊಟದ ಲೆಕ್ಕ ಬರೆದಿಟ್ಟವನೇ. ಹಿಂದೂಸ್ತಾನದಲ್ಲಿ ಬದುಕುವುದೆಂದರೆ ಇದ್ದದ್ದನ್ನೆಲ್ಲ ತಿಂದು ಮುಗಿಸುವುದು, ತಾನೊಬ್ಬನೇ ಇದ್ದರೂ ಊಟಕ್ಕೆ ದಿನಕ್ಕೆ ಎರಡೂವರೆ ಅಲ್ತಿನ್ ಹೋಗುತ್ತದೆ, ಅದೂ ಮದ್ಯ ಮುಟ್ಟದೆ, ಎಂದು ಗೊಣಗಿದ್ದಾನೆ. ಒಂದು ಅಲ್ತಿನ್ ಅಂದರೆ ಆರು ದೆಂಗ. ಆ ದೆಂಗದಿಂದಲೇ ಇವತ್ತಿನ ರಷ್ಯನ್ನಿನಲ್ಲಿ ಹಣಕ್ಕೆ ದೆಂಗಿ ಎನ್ನುವುದು. ಅಂತೂ ನಮ್ಮೂರು ದುಬಾರಿ ಎಂದು ದೂರಿದವನ ಊರಿನಲ್ಲಿ ಕೂತು ನಾನು ಬ್ರೆಡ್ ತುಂಡು ಎಣಿಸುತ್ತಿದ್ದೆ.

ಅವನ ಕಥೆಯನ್ನು ಸಾಹಸವೆಂದು ಓದುವವರೇ ಹೆಚ್ಚು. ನನಗದು ಸಾಲಗಾರನ ಕಡತ. ವೋಲ್ಗಾ ಇಳಿದು ಹೋಗುವಾಗ ಅಸ್ತ್ರಾಖಾನ್ ಬಳಿ ತಾತಾರರು ದೋಣಿ ದೋಚಿದರು. ರಷ್ಯಾದಲ್ಲಿ ಆಸ್ತಿ ಇದ್ದವರು ಮನೆಗೆ ಮರಳಿದರು, ಸಾಲ ಇದ್ದವರು ಕಣ್ಣು ಹೋದತ್ತ ಹೋದರು. ಅವನು ಹೋದತ್ತ ದರ್ಬೆಂದ್, ಬಾಕು, ಪರ್ಷಿಯಾ, ಹೋರ್ಮುಜ್. ದಖ್ಖನ್ನಿನಲ್ಲಿ ಒಳ್ಳೆಯ ಕುದುರೆ ಹುಟ್ಟುವುದಿಲ್ಲ, ಅರಬ್, ಪರ್ಷಿಯನ್ ಕುದುರೆಗೆ ಬಹಮನಿ ಸೈನ್ಯದಲ್ಲಿ ಬೆಲೆ ಇದೆ ಎಂದು ತಿಳಿದು ಒಂದು ಗಂಡುಕುದುರೆಯನ್ನು ಹಡಗಿನಲ್ಲಿ ಚೌಲ್ ಬಂದರಿಗೆ ತಂದ. ಜುನ್ನರ್ ತಲುಪುವ ಹೊತ್ತಿಗೆ ಅದಕ್ಕೆ ನೂರು ರೂಬಲ್ ಬಿದ್ದಿತ್ತು. ಲೆಕ್ಕ ಸರಿ ಇತ್ತು, ಬಂಡವಾಳವೆಲ್ಲ ಒಂದೇ ಕುದುರೆಯ ನಾಲ್ಕು ಕಾಲಿನ ಮೇಲೆ ನಿಂತಿತ್ತು. ಜುನ್ನರಿನ ಅಧಿಕಾರಿ ಅಸದ್ ಖಾನ್ ಅದನ್ನೇ ಕಿತ್ತುಕೊಂಡ. ಮತ ಬದಲಿಸಿದರೆ ಕುದುರೆಯ ಜೊತೆ ಸಾವಿರ ಚಿನ್ನದ ನಾಣ್ಯ, ಇಲ್ಲವಾದರೆ ಎರಡೂ ಇಲ್ಲ. ಖುರಾಸಾನದ ಖ್ವಾಜಾ ಮುಹಮ್ಮದ್ ಎಂಬವನು ನಡುವೆ ಬಂದು ಬಿಡಿಸಿಕೊಟ್ಟ. ಆಮೇಲೂ ಗಿರಾಕಿ ತಕ್ಷಣ ಸಿಗಲಿಲ್ಲ. ಒಂದು ವರ್ಷ ಮೇವು ಹಾಕಿ ಸಾಕಿ, ಕ್ರಿಸ್‌ಮಸ್ ಹೊತ್ತಿಗೆ ಬೀದರಿನಲ್ಲಿ ಮಾರಿದ. ಇಪ್ಪತ್ತು ಸಾವಿರ ಕುದುರೆ ಸೇರುತ್ತವೆಂದು ಅವನು ಬರೆದ ಹತ್ತು ದಿನದ ಜಾತ್ರೆ ನಮ್ಮ ಆಳಂದದ್ದೆಂದು ಗುರುತಿಸುತ್ತಾರೆ. ಅಂಥ ಪೇಟೆ ಪಕ್ಕದಲ್ಲಿದ್ದೂ ಒಂದು ವರ್ಷ! ಮಾರಾಟವಾಗದ ನಿವೇಶನಕ್ಕೆ ವರ್ಷ ವರ್ಷ ತೆರಿಗೆ ಕಟ್ಟುತ್ತಾ ಕೂತ ನಮ್ಮವರಿಗೆ ಆ ಮೇವಿನ ಸಂಕಟ ಗೊತ್ತು. ನಿವೇಶನ ಹುಲ್ಲು ತಿನ್ನುವುದಿಲ್ಲ, ಬೆಳೆಸುತ್ತದೆ, ಅಷ್ಟೇ ವ್ಯತ್ಯಾಸ.

ಹೊರಡುವವರಿಗೆ ಬೇಕಾದ ಮಾತನ್ನೂ ಇಲ್ಲೇ ಹೇಳುತ್ತೇನೆ. ಸಾಮಾನ್ಯವಾಗಿ ವಿದೇಶಕ್ಕೆ ಹೊರಡುವಾಗ ನೋಟಿನ ರೂಪದಲ್ಲಿ 3,000 ಡಾಲರಿಗಿಂತ ಹೆಚ್ಚು ಕೊಡುವುದಿಲ್ಲ. ರಷ್ಯಾಕ್ಕೆ ಆ ಮಿತಿ ಇಲ್ಲ, ವರ್ಷಕ್ಕೆ ಅನುಮತಿ ಇರುವ 2,50,000 ಡಾಲರನ್ನೂ ನೋಟಾಗಿಯೇ ಒಯ್ಯಲು ರಿಸರ್ವ್ ಬ್ಯಾಂಕಿನ ನಿಯಮ ಬಿಡುತ್ತದೆ. ಆದರೆ 10,000 ಡಾಲರ್ ದಾಟಿದರೆ ಅಲ್ಲಿನ ಕಸ್ಟಮ್ಸ್‌ಗೆ ಘೋಷಿಸಬೇಕು. ಮಿಕ್ಕದ್ದರಲ್ಲಿ 2,000 ಡಾಲರ್ ಇಟ್ಟುಕೊಂಡು ಉಳಿದದ್ದನ್ನು ಊರಿಗೆ ಬಂದ 180 ದಿನದೊಳಗೆ ಮರಳಿಸಬೇಕು. ಕೊಳ್ಳುವಾಗ ನೀಲಿ ಪಟ್ಟಿಯ ಹೊಸ ನೋಟೇ ಬೇಕೆಂದು ಹಟ ಹಿಡಿಯಿರಿ, ಒಂದೊಂದನ್ನೂ ತಿರುಗಿಸಿ ನೋಡಿ, ಎಣಿಸುವವನ ಕೈಯಲ್ಲಿ ಪೆನ್ನು ಕಂಡರೆ ಕಸಿದುಕೊಳ್ಳಿ. ಅಲ್ಲಿ ಇಳಿದ ಮೇಲೆ ಕೆಲಸದ ದಿನ, ದೊಡ್ಡ ಊರಿನಲ್ಲಿ ಮುರಿಸಿ. ಶನಿವಾರಕ್ಕೆ ಬಿಡಬೇಡಿ.

ಸಂಜೆ ಹಳೆಯ ಸೇತುವೆ ದಾಟಿ ವೋಲ್ಗಾದ ಎಡದಂಡೆಗೆ ಹೋದೆ. 1955ರಲ್ಲಿ ನಿಲ್ಲಿಸಿದ ನಿಕಿತಿನ್ನನ ಕಂಚಿನ ಪ್ರತಿಮೆ ದೋಣಿಯಾಕಾರದ ಪೀಠದ ಮೇಲೆ ನಿಂತಿದೆ. ದೋಣಿಯ ಮೂತಿಗೆ ಕುದುರೆಯ ತಲೆ. ಬರೀ ಅಲಂಕಾರವಿರಬಹುದು, ನನಗೆ ಮಾತ್ರ ಸಾಲಗಾರನ ಎದುರು ಅಡವಿನ ವಸ್ತುವನ್ನೇ ಕಟ್ಟಿಹಾಕಿದಂತೆ ಕಂಡಿತು. ಈ ದಂಡೆಗೆ ಅವನು ಮರಳಲೇ ಇಲ್ಲ, ಸ್ಮೋಲೆನ್ಸ್ಕ್ ತಲುಪುವ ಮುನ್ನ ತೀರಿಕೊಂಡ. ಅವನು ಬರೆದಿಟ್ಟ ಹಾಳೆಗಳನ್ನು 1475ರಲ್ಲಿ ವ್ಯಾಪಾರಿಗಳು ಮಾಸ್ಕೋಗೆ ಮುಟ್ಟಿಸಿದರು. ಹತ್ತು ವರ್ಷಕ್ಕೆ, 1485ರಲ್ಲಿ, ತ್ವೇರ್ ಸಂಸ್ಥಾನವೂ ಮಾಸ್ಕೋ ಪಾಲಾಯಿತು. ಪೀಠದ ಬಳಿ ಹುಡುಗನೊಬ್ಬ ಗಾಳ ಹಾಕಿ ಕೂತಿದ್ದ. ನನ್ನ ಸೀರೆ ನೋಡಿ "ಇಂದಿಯಾ?" ಎಂದ. ಹೌದೆಂದೆ. ಪ್ರತಿಮೆಯತ್ತ ಗಲ್ಲ ಎತ್ತಿ ತೋರಿಸಿ ಮತ್ತೆ ಗಾಳದ ಕಡೆ ತಿರುಗಿದ.

ದಾರಿಯಲ್ಲಿ ಕೆಫೀರ್, ಸೌತೆಕಾಯಿ, ಅರ್ಧ ಬ್ರೆಡ್ ಕೊಂಡೆ, 190. ಸಾರ್ವಜನಿಕ ಶೌಚಾಲಯಕ್ಕೆ 30. ಕೋಣೆಯಲ್ಲಿ ನೋಟ್‌ಬುಕ್ ತೆಗೆದು ಬರೆದೆ. ಚಹಾ 120, ಊಟ 310 (ಬ್ರೆಡ್ ಒಂದು ಬಾಕಿ), ರಾತ್ರಿಗೆ 190, ಇತರೆ 30. ಉಳಿಕೆ 550. ಭಾನುವಾರ ಸಂಜೆಯ ರೈಲಿನವರೆಗೆ ಅಷ್ಟು ಸಾಕು. ಹೋಟೆಲಿನ 2,800ನ್ನು ಒಂದೇ ಸಾಲಿನಲ್ಲಿ ಬರೆಯಲು ಮನಸ್ಸು ಒಪ್ಪಲಿಲ್ಲ. ಮಂಚ 1,400, ಖಾಲಿ ಮಂಚ 1,400 ಎಂದು ಎರಡು ಸಾಲು ಮಾಡಿದೆ.

ನಡೆಯದ ಆ ಎರಡು ನೋಟುಗಳನ್ನು ಪಾಸ್‌ಪೋರ್ಟಿನೊಳಗಿಟ್ಟು, ಪಾಸ್‌ಪೋರ್ಟನ್ನು ಬ್ಯಾಗಿನೊಳಗಿಟ್ಟು, ಬ್ಯಾಗನ್ನು ಆಚೆ ಮಂಚದ ಮೇಲೆ ದಿಂಬಿಗೆ ಒರಗಿಸಿದೆ. ದುಡ್ಡು ಕೊಟ್ಟ ಮೇಲೆ ಯಾರಾದರೂ ಮಲಗಲಿ ಎಂದು ಅದರ ಮೇಲೊಂದು ಕಂಬಳಿಯನ್ನೂ ಹೊದಿಸಿದೆ.